‘ಲೈಕ್’ ಇದ್ದಲ್ಲೆಲ್ಲ ಸಿಮಿಲಿ ಇರುವುದಿಲ್ಲ

ಹತ್ತನೆಯ ತರಗತಿಯ ಮಕ್ಕಳ ಪಾಲಿಗೆ ಇಂಗ್ಲಿಷಿನ ಫಿಗರ್ಸ್ ಆಫ್ ಸ್ಪೀಚ್ ಅಂದರೆ ಗೈಡಿನಲ್ಲಿ ಅಚ್ಚಾದ ಒಂದು ಪಟ್ಟಿ. ‘ಲೈಕ್’, ‘ಆ್ಯಸ್’ ಬಂದರೆ ಸಿಮಿಲಿ. ಅವು ಬಾರದೆ ಹೋಲಿಕೆ ಬಂದರೆ ಮೆಟಫರ್. ಮರವೋ ಗಾಳಿಯೋ ಮಾತಾಡಿದರೆ ಪರ್ಸಾನಿಫಿಕೇಶನ್. ಈ ಸೂತ್ರ ಬಾಯಿಪಾಠವಾದ ಹುಡುಗನ ಮುಂದೆ ‘ಐ ಲೈಕ್ ಮ್ಯಾಂಗೋಸ್’ ಎಂದು ಬರೆದಿಡಿ, ಸಿಮಿಲಿ ಎಂದೇ ಗೀಟು ಹಾಕುತ್ತಾನೆ. ‘ಆ್ಯಸ್’ ಇನ್ನೂ ಮೋಸಗಾರ ಪದ. ಕಾರಣ ಹೇಳುವಾಗಲೂ ಬರುತ್ತದೆ, ‘ಹಾಗೆ ಮಾಡುತ್ತಿರುವಾಗ’ ಎನ್ನುವಲ್ಲಿಯೂ ಬರುತ್ತದೆ.

ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದ ಮೇಲೆ ಒಂದಂತೂ ಖಾತ್ರಿಯಾಗಿದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಅಲಂಕಾರ ಹೊಸ ವಿಷಯವಲ್ಲ. ಹಿಂದಿನ ಪಿರಿಯಡ್ಡಿನಲ್ಲಿ ಕನ್ನಡ ಗುರುಗಳು ಅರ್ಧ ಕೆಲಸ ಮುಗಿಸಿಯೇ ಹೋಗಿರುತ್ತಾರೆ. ಉಪಮೇಯ, ಉಪಮಾನ, ವಾಚಕ ಪದ, ಸಮಾನಧರ್ಮ ಎಂದು ನಾಲ್ಕನ್ನೂ ಬಿಡಿಸಿ ಬರೆಯುವುದು ಮಕ್ಕಳಿಗೆ ರೂಢಿ. ಅದಾದ ಮೇಲೆ ‘ಸಮನ್ವಯ’ ಎಂದು ಬರೆದು, ಯಾವುದನ್ನು ಯಾವುದಕ್ಕೆ ಯಾಕೆ ಹೋಲಿಸಿದ್ದಾರೆ ಎಂದು ಎರಡು ಸಾಲು ಸೇರಿಸುತ್ತಾರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಮೂರು ಪರಿಚ್ಛೇದಗಳಲ್ಲಿ ಒಂದು ಶಬ್ದಾಲಂಕಾರಕ್ಕೆ, ಇನ್ನೊಂದು ಅರ್ಥಾಲಂಕಾರಕ್ಕೆ ಮೀಸಲು, ಅಷ್ಟು ಹಳೆಯ ಅಭ್ಯಾಸ ನಮ್ಮದು. ಅದೇ ಮಗು ಇಂಗ್ಲಿಷ್ ಉತ್ತರದಲ್ಲಿ ‘ಸಿಮಿಲಿ’ ಎಂದು ಬರೆದು ಪೆನ್ನು ಕೆಳಗಿಡುತ್ತದೆ. ಬಿಟ್ಟುಹೋಗುವುದು ಸಮನ್ವಯ ಮಾತ್ರ. ಆದರೆ ಪದ್ಯವೆಲ್ಲ ಇರುವುದು ಅದರಲ್ಲೇ.

ಶೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ನಾಲ್ಕನೆಯ ಅಂಕದಲ್ಲಿ ಪೋರ್ಶಿಯಾ ದಯೆಯ ಬಗ್ಗೆ ಆಡುವ ಮಾತು ನಾನು ಕಲಿಸಿದ ಪಠ್ಯದಲ್ಲಿ ಪದ್ಯವಾಗಿ ಬಂದಿತ್ತು. ಅಲ್ಲಿ ದಯೆಯನ್ನು ಮೆಲ್ಲಗೆ ಸುರಿಯುವ ಮಳೆಗೆ ಹೋಲಿಸಿದ್ದಾನೆ. ಗೈಡಿನಲ್ಲಿ ಉತ್ತರ ಒಂದೇ ಪದ. ನಾನು ಕಪ್ಪುಹಲಗೆಯ ಮೇಲೆ ಕನ್ನಡದ ನಾಲ್ಕೂ ಹೆಸರು ಬರೆದೆ. ಉಪಮೇಯ ದಯೆ, ಉಪಮಾನ ಮಳೆ, ವಾಚಕ ‘ಆ್ಯಸ್’. ಸಮಾನಧರ್ಮದ ಜಾಗ ಖಾಲಿ ಬಿಟ್ಟು ಹಿಂದಿನ ಕತೆ ಹೇಳಿದೆ. ಸಾಲ ತೀರದಿದ್ದಕ್ಕೆ ಶೈಲಾಕ್ ಒಂದು ಪೌಂಡ್ ಮಾಂಸ ಕೇಳುತ್ತಿದ್ದಾನೆ. ವಕೀಲನ ವೇಷದ ಪೋರ್ಶಿಯಾ ನೀನು ದಯೆ ತೋರಿಸಲೇಬೇಕು ಅನ್ನುತ್ತಾಳೆ. ಯಾವ ಬಲವಂತಕ್ಕೆ ತೋರಿಸಲಿ ಎಂದು ಅವನು ತಿರುಗಿ ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರವಾಗಿ ಈ ಮಳೆ ಬರುತ್ತದೆ. ಯಾಕೆ ಮಳೆ?

ಹಿಂದಿನ ಬೆಂಚಿನಿಂದ ಒಬ್ಬ, “ಮಳಿಗೆ ಯಾರ್ರೀ ಜುಲುಮಿ ಮಾಡೋರು, ಸರ್? ಅದು ತಾನಾ ಬರಬೇಕು” ಅಂದ.

ಸಮಾನಧರ್ಮದ ಖಾಲಿ ಜಾಗ ತುಂಬಿತು. ಅಷ್ಟಕ್ಕೇ ಬಿಡಲಿಲ್ಲ, ಬರೀ ಮಳೆ ಅನ್ನದೆ ಮೆಲ್ಲಗಿನ ಮಳೆ ಅಂದದ್ದೇಕೆ ಎಂದೆ. ಹೊಲದ ಮನೆಯ ಹುಡುಗಿಯೊಬ್ಬಳು, “ಜೋರ್ ಮಳಿ ಆದ್ರ ಮಣ್ಣು ಕೊಚ್ಚಿಕೊಂಡು ಹೋಗತೈತ್ರಿ. ಜಿಟಿಜಿಟಿ ಮಳಿ ನೆಲದಾಗ ಇಳೀತೈತಿ” ಅಂದಳು. ಗೋವಿನಜೋಳ, ಹತ್ತಿ ಬಿತ್ತಿ ಮುಗಿಲು ನೋಡುವವರ ಮಕ್ಕಳಿಗೆ ಈ ಪದ್ಯ ಅರ್ಥ ಮಾಡಿಸಲು ವೆನಿಸ್ಸಿನ ಚಿತ್ರ ಬೇಕಾಗಲಿಲ್ಲ. ಶೈಲಾಕನ ವಾದಕ್ಕೆ ಪೋರ್ಶಿಯಾ ಪ್ರತಿವಾದ ಹೂಡುತ್ತಿರುವುದೇ ಈ ಹೋಲಿಕೆಯಿಂದ, ಅದು ಮೇಲೆ ಮೆತ್ತಿದ ಬಣ್ಣವಲ್ಲ ಎಂಬುದು ಆ ಇಬ್ಬರು ಮಕ್ಕಳ ಮಾತಿನಿಂದ ತರಗತಿಗೆಲ್ಲ ತಿಳಿಯಿತು. ‘ಸಿಮಿಲಿ’ ಎಂಬ ಹೆಸರನ್ನು ನಾನು ಆಮೇಲೆ ಹೇಳಿದೆ. ಈಗಲೂ ಹೆಸರು ಕೊನೆಗೇ.

ಪರ್ಸಾನಿಫಿಕೇಶನ್ ಬೇಗ ಮುಗಿಯುತ್ತದೆ. ನಮ್ಮ ಜಿಲ್ಲೆಯ ಸವಣೂರಿನಲ್ಲೇ ಹುಟ್ಟಿದ ವಿ.ಕೃ. ಗೋಕಾಕರ ‘ದಿ ಸಾಂಗ್ ಆಫ್ ಇಂಡಿಯಾ’ದಲ್ಲಿ ಕವಿಯೊಂದಿಗೆ ದೇಶವೇ ತಾಯಿಯಾಗಿ ಮಾತಾಡುತ್ತದೆ. ಭಾರತಮಾತೆ ಎಂದು ನಿತ್ಯ ಕೂಗುವ ಮಕ್ಕಳಿಗೆ ಇದರಲ್ಲಿ ಬಿಡಿಸಬೇಕಾದ ಗಂಟೇನಿಲ್ಲ. ಅಪಾಸ್ಟ್ರಫಿಯೂ ಹಾಗೆಯೇ. ಎದುರಿಗಿಲ್ಲದವರನ್ನೋ ಉತ್ತರ ಕೊಡಲಾರದ್ದನ್ನೋ ಕರೆದು ಮಾತಾಡಿಸುವುದು ಎಂದು ಲಕ್ಷಣ ಹೇಳಿದರೆ ಮುಖ ನೋಡುತ್ತಾರೆ. ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಗಿಳಿ, ಕೋಗಿಲೆ, ದುಂಬಿಗಳನ್ನು ಅಕ್ಕ ಕೇಳುವುದನ್ನು ನೆನಪಿಸಿದರೆ ಮುಂದಿನದನ್ನು ಅವರೇ ಹೇಳುತ್ತಾರೆ.

ತೊಡಕು ಬರುವುದು ಅಲಿಟರೇಶನ್ನಿನಲ್ಲಿ. ಇದು ಕಿವಿಯ ವಿಷಯ, ಮಕ್ಕಳು ಹುಡುಕುವುದು ಕಣ್ಣಿನಲ್ಲಿ. ‘ಸಿಟಿ’, ‘ಕ್ಯಾಟ್’ ಎರಡಕ್ಕೂ ಇಂಗ್ಲಿಷಿನಲ್ಲಿ ಮೊದಲಕ್ಷರ ಒಂದೇ, ಹಾಗಾಗಿ ಅಲಿಟರೇಶನ್ ಅನ್ನುತ್ತಾರೆ. ‘ನೈಫ್’, ‘ನೆಸ್ಟ್’ ಮೊದಲಕ್ಷರ ಬೇರೆ, ಹಾಗಾಗಿ ಅಲ್ಲ ಅನ್ನುತ್ತಾರೆ. ಎರಡೂ ತಲೆಕೆಳಗು. ಇದಕ್ಕೆ ಮದ್ದು ಮಕ್ಕಳ ಪುಸ್ತಕದ ಅಂಚಿನಲ್ಲೇ ಇತ್ತು. ಓದಲು ಕಷ್ಟವಾದ ಇಂಗ್ಲಿಷ್ ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದುಕೊಳ್ಳುವುದು ನಮ್ಮ ಕಡೆಯ ಎಲ್ಲ ಶಾಲೆಗಳಲ್ಲೂ ಉಂಟು. ಅದನ್ನು ಕಂಡರೆ ಇಂಗ್ಲಿಷ್ ಶಿಕ್ಷಕರಿಗೆ ಸಿಟ್ಟೂ ಉಂಟು. ನಾನು ಅದನ್ನೇ ಅಭ್ಯಾಸ ಮಾಡಿಸಿದೆ. ಅನುಮಾನ ಬಂದ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ, ಮರುಕಳಿಸುವ ಅಕ್ಷರಕ್ಕೆ ಸುತ್ತು ಹಾಕಿ. ಸ, ಕ ಬೇರೆಯಾಗಿ ನಿಂತವು. ನ, ನ ಜೊತೆಯಾದವು. ಅನುಪ್ರಾಸ ಎಂಬ ಮಾತು ನಾನು ಎತ್ತುವ ಮೊದಲೇ ಅವರ ಬಾಯಲ್ಲಿ ಬಂತು. ಒಂದು ಎಚ್ಚರಿಕೆ ಮಾತ್ರ: ‘ವ್ಯಾನ್’, ‘ವೈನ್’ ಎರಡನ್ನೂ ನಾವು ‘ವ’ದಲ್ಲೇ ಬರೆಯುತ್ತೇವೆ, ಇಂಗ್ಲಿಷಿನಲ್ಲಿ ಅವು ಬೇರೆ ಧ್ವನಿ. ರೈಮ್ ಹುಡುಕಲೂ ಇದೇ ಉಪಾಯ ಸಾಕು. ಆದರೆ ಷಟ್ಪದಿ ಚೆನ್ನಾಗಿ ಓದಿದವರು ಪ್ರಾಸಕ್ಕಾಗಿ ಸಾಲಿನ ಎರಡನೆಯ ಅಕ್ಷರ ನೋಡುತ್ತಾರೆ; ಅವರಿಗೆ ಸಾಲಿನ ಕೊನೆ ತೋರಿಸಬೇಕು. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದಾಗ ದೊಡ್ಡವರಿಗೇ ಹೊಸತಾಗಿ ಕಂಡ ವಿಷಯವಿದು, ಮಕ್ಕಳನ್ನೇನು ಅನ್ನುವುದು.

ಎಲ್ಲಕ್ಕಿಂತ ಕಷ್ಟದ್ದು ಐರನಿ. ಅದಕ್ಕೆ ವಾಚಕ ಪದವಿಲ್ಲ, ಗೀಟು ಹಾಕಲು ಸಾಲೂ ಇಲ್ಲ. ಹೇಳಿದ್ದಕ್ಕೂ ಇರುವುದಕ್ಕೂ ನಡುವಿನ ಅಂತರದಲ್ಲಿ ಅದು ಕೂತಿರುತ್ತದೆ. ಮಾತಿನ ಐರನಿಗೆ ಮನೆಯ ಬೈಗುಳವೇ ಪಾಠ. ಕೊಡ ಬೀಳಿಸಿದ ಮಗನಿಗೆ ಅವ್ವ “ಬಾಳ ಶಾಣ್ಯಾ ಅದೀಯಪಾ” ಅಂದರೆ ಯಾವ ಮಗನೂ ಅದನ್ನು ಹೊಗಳಿಕೆ ಎಂದುಕೊಳ್ಳುವುದಿಲ್ಲ. ಡ್ರಾಮ್ಯಾಟಿಕ್ ಐರನಿಗೆ ಕೀಚಕ ಸಾಕು. ಕತ್ತಲ ನಾಟ್ಯಶಾಲೆಗೆ ಸೈರಂಧ್ರಿ ಇದ್ದಾಳೆಂದು ಸಿಂಗರಿಸಿಕೊಂಡು ಬರುತ್ತಾನೆ. ಅಲ್ಲಿರುವವನು ಭೀಮ ಎಂದು ನೋಡುವವರಿಗೆಲ್ಲ ಗೊತ್ತು, ಅವನೊಬ್ಬನಿಗೇ ಗೊತ್ತಿಲ್ಲ. ಬಯಲಾಟ ನೋಡಿದ ಮಕ್ಕಳು ಇದನ್ನು ಕೇಳುತ್ತಲೇ ನಗುತ್ತಾರೆ. ಆ ನಗು ಎಲ್ಲಿಂದ ಬಂತು ಎಂದು ಕೇಳಿದರೆ ಲಕ್ಷಣವನ್ನು ಅವರೇ ಕಟ್ಟುತ್ತಾರೆ. ಅದೇ ಕಣ್ಣಿನಿಂದ ಪೋರ್ಶಿಯಾಳ ಕಡೆ ತಿರುಗಿದರೆ, ಎದುರಿಗಿರುವ ವಕೀಲ ತನ್ನ ಹೆಂಡತಿಯೇ ಎಂದು ತಿಳಿಯದ ಬಸ್ಸಾನಿಯೊ ಕಾಣುತ್ತಾನೆ.

ಸನ್ನಿವೇಶದ ಐರನಿಗೆ ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಹುಲಿಯೊಂದಿಗೆ ಸೆಣಸಿದ ಹಳ್ಳಿಯ ಹುಡುಗನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಅಪ್ಪ, ಅಜ್ಜಿಯ ಪಕ್ಕದಲ್ಲಿ ಮಲಗುವ ಸ್ವಾಮಿಯನ್ನು ಧೈರ್ಯ ಬರಲೆಂದು ಆಫೀಸು ಕೋಣೆಯಲ್ಲಿ ಒಂಟಿಯಾಗಿ ಮಲಗಿಸುತ್ತಾನೆ. ಹೆದರಿದ ಹುಡುಗ ಬೆಂಚಿನ ಕೆಳಗೆ ಮುದುಡಿಕೊಳ್ಳುತ್ತಾನೆ. ಕತ್ತಲಲ್ಲಿ ಏನೋ ಅಲುಗಿತು, ದೆವ್ವವೇ ಬಂತೆಂದು ಅಪ್ಪಿ ಹಿಡಿದು ಕಚ್ಚುತ್ತಾನೆ. ಸಿಕ್ಕಿದ್ದು ಪೊಲೀಸರು ಹುಡುಕುತ್ತಿದ್ದ ಕಳ್ಳ. ಮರುದಿನ ಎಲ್ಲೆಲ್ಲೂ ಸ್ವಾಮಿಯ ಶೌರ್ಯದ ಮಾತು. “ಅಂವ ಅಂಜಿದ್ದಕ್ಕ ಹೀರೋ ಆದ್ನಲ್ರಿ” ಎಂದು ಒಬ್ಬಳು ಹೇಳಿದಳು. ಇದಕ್ಕಿಂತ ಚಿಕ್ಕ ಸಮನ್ವಯ ಯಾವ ಗೈಡಿನಲ್ಲೂ ಇಲ್ಲ. ಕೊನೆಗೆ ಅವನು ಮತ್ತೆ ಅಜ್ಜಿಯ ಪಕ್ಕವೇ ಮಲಗುತ್ತಾನೆ ಎಂಬುದನ್ನು ಅದಕ್ಕೆ ಸೇರಿಸಿದ್ದು ಇನ್ನೊಬ್ಬ. ಕತೆಯ ಹೆಸರೇ ಚುಚ್ಚುಮಾತು ಎಂಬುದು ಆಗ ಬಯಲಾಯಿತು.

ಮಿಟಾನಮಿ, ಸಿನೆಕ್‌ಡಕಿಗಳನ್ನು ನಾನಾಗಿ ಎತ್ತುವುದಿಲ್ಲ. ಎಲ್ಲೋ ಓದಿ ಬಂದು ಕೇಳಿದ ಮಗುವಿಗೆ, ಜಾತ್ರೆಗೆ ಊರಿಗೆ ಊರೇ ಬಂದಿತ್ತು ಅಂದರೆ ಬಂದದ್ದು ಯಾರು ಎಂದು ಕೇಳುತ್ತೇನೆ. ಸ್ವಲ್ಪ ಹೊತ್ತು ಯೋಚಿಸಿ ಮಂದಿ ಎನ್ನುತ್ತದೆ. ಹಾಗಾದರೆ ಊರು ಎಂದದ್ದೇಕೆ ಎಂಬುದು ಮರುದಿನದ ಹೋಮ್‌ವರ್ಕ್.