ಕರಣೆಯಿಂದ ಕಲಿತ ಭೌತಶಾಸ್ತ್ರ

ಭೌತಶಾಸ್ತ್ರ ಎಂದರೇನು ಎಂದು ಕೇಳುವ ಹೊಸ ವಿದ್ಯಾರ್ಥಿಗಳ ಮುಂದೆ ನಾನು ಒಂದು ಮೃದಂಗ ಇಡುತ್ತೇನೆ. ಬಲ ಮುಖದ ನಡುವೆ ಕಪ್ಪಗೆ ಕಾಣುವುದು ಕರಣೆ. ಬೆರಳಾಡಿಸಿ ನೋಡಿ: ನಡುವೆ ದಪ್ಪ, ಅಂಚಿನತ್ತ ತೆಳು. ಪದರದ ಮೇಲೆ ಪದರ ಹಚ್ಚಿ, ಉಜ್ಜಿ ಉಜ್ಜಿ ಕೂರಿಸಿದ್ದು.

ಕರಣೆ ಏಕೆ ಬೇಕು? ಬಿಗಿದ ಚರ್ಮ ಒಂದೇ ಏಟಿಗೆ ಹಲವು ಬಗೆಯಲ್ಲಿ ಕಂಪಿಸುತ್ತದೆ. ಎಲ್ಲೆಡೆ ಸಮ ದಪ್ಪದ ಪೊರೆಗೆ ಲೆಕ್ಕ ಹಾಕಿದರೆ, ಮೂಲ ಆವೃತ್ತಿ 1 ಆದಾಗ ಮುಂದಿನವು 1.59, 2.14, 2.30 ಎಂದು ಅಡ್ಡಾದಿಡ್ಡಿ ಬರುತ್ತವೆ. ಶ್ರುತಿ ನಿಲ್ಲುವುದಿಲ್ಲ. ಕರಣೆಯ ಭಾರ ಅವನ್ನು 1, 2, 3, 4, 5ರ ಹತ್ತಿರಕ್ಕೆ ಎಳೆದು ತರುತ್ತದೆ. ತಂತಿಗಿರುವ ಹೊಂದಿಕೆ ಚರ್ಮಕ್ಕೂ ಬರುತ್ತದೆ. ಸಿ.ವಿ. ರಾಮನ್ 1920ರಲ್ಲೇ ಇದರ ಬಗ್ಗೆ ಬರೆದರು, 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ಇನ್ನಷ್ಟು ವಿವರಿಸಿದರು. ಮೃದಂಗ ಮಾಡುವವರ ಕಿವಿಗೆ ತಲೆಮಾರುಗಳಿಂದ ಗೊತ್ತಿದ್ದದ್ದು ಅದು. ಅವರ ಮೇಲಿನ ನನ್ನ ಗೌರವ ಈ ಲೆಕ್ಕ ಕಲಿತ ಮೇಲೆ ಹೆಚ್ಚಾಯಿತು.

ರಾಮನ್ ಏನನ್ನು ಬಿಟ್ಟರು, ಗಮನಿಸಿ. ನುಡಿಸಿದವರು ಯಾರು, ಯಾವ ತಾಳ, ಯಾವ ಕಛೇರಿ, ಯಾವುದೂ ಲೆಕ್ಕಕ್ಕಿಲ್ಲ. ಅಳೆಯಲು ಬರುವ ಒಂದೇ ಪ್ರಶ್ನೆ ಹಿಡಿದು ಉಳಿದದ್ದನ್ನು ಬದಿಗಿಡುವುದು ಈ ಶಾಸ್ತ್ರದ ರೀತಿ. ಹಾಗೆ ಬಿಟ್ಟದ್ದರಿಂದಲೇ ಕಂಪನದ ಗಣಿತ ಸೇತುವೆಗೂ ಭೂಕಂಪಕ್ಕೂ ಸೂರ್ಯನ ಒಡಲಿನ ಅಲುಗಾಟಕ್ಕೂ ಒದಗುತ್ತದೆ.

ಆದರೆ ಕಛೇರಿಯಲ್ಲಿ ತಾಳವಾದ್ಯದ ಸರದಿಯಾದ ತನಿ ಆವರ್ತನದ ಮುಕ್ತಾಯ ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಕೂತಾಗ ಮೈ ಜುಮ್ಮೆನ್ನುವುದು ಏಕೆ? ಆವೃತ್ತಿಗಳ ಪಟ್ಟಿಯಲ್ಲಿ ಅದಕ್ಕೆ ಉತ್ತರ ಹುಡುಕಬೇಡಿ. ಸಿಗಲಿಲ್ಲವೆಂದು ಭೌತಶಾಸ್ತ್ರ ಸೋತಿತು ಎನ್ನಲೂ ಬೇಡಿ. ಆ ಪ್ರಶ್ನೆಯನ್ನು ಅದು ಕೇಳಿಯೇ ಇಲ್ಲ.

ತನ್ನ ಹೊಲದೊಳಗೂ ಅದಕ್ಕೆ ಬದುವಿದೆ. ಇಂಗಾಲ-14ರ ಅರ್ಧಾಯುಷ್ಯ ಸುಮಾರು 5,730 ವರ್ಷ. ಹಳೆಯ ಇದ್ದಿಲಿನ ವಯಸ್ಸು ಹೇಳಲು ಇಷ್ಟು ಸಾಕು. ಆದರೆ ಅದರೊಳಗಿನ ಈ ಒಂದು ಪರಮಾಣು ಯಾವಾಗ ಕ್ಷಯಿಸುತ್ತದೆ? ಹೇಳಲಾಗದು. ಉಪಕರಣ ಸಾಲದು ಎಂದಲ್ಲ. ಕ್ವಾಂಟಂ ಸಿದ್ಧಾಂತ ಕೊಡುವುದೇ ಸಂಭವನೀಯತೆಯನ್ನು.

ಈಗ ಮೃದಂಗವನ್ನು ಎಡಕ್ಕೆ ತಿರುಗಿಸಿ. ಈ ಮುಖಕ್ಕೆ ಕಛೇರಿಗೆ ಮುಂಚೆ ಕಲಸಿದ ರವೆ ಅಂಟಿಸುತ್ತಾರೆ, ದನಿ ತಗ್ಗುತ್ತದೆ. ಎಷ್ಟು ರವೆಗೆ ಎಷ್ಟು ತಗ್ಗುತ್ತದೆ? ಚಿಟಿಕೆ ಚಿಟಿಕೆ ತೂಗಿ ಹಚ್ಚಿ, ಪ್ರತಿ ಸಲ ಶ್ರುತಿ ಅಳೆದು ಬರೆದುಕೊಳ್ಳಿ. ನಾಳೆ ಆ ಹಾಳೆಯೊಂದಿಗೆ ಬನ್ನಿ, ಅಲ್ಲಿಂದಲೇ ಪಾಠ ಶುರು ಮಾಡೋಣ.