ಗದ್ದರ್: ಮೊದಲ ಸಲ ಕೇಳುವವರಿಗೆ

ಗದ್ದರ್ ಅಂದರೆ ಸನ್ನಿ ಡಿಯೋಲ್ ಸಿನಿಮಾ ಅಂತ ತಿಳಿದುಕೊಂಡ ಹುಡುಗರು ನಮ್ಮ ಬೀದರ್ ಜಿಲ್ಲೆಯ ಡಾಬಕಾ, ಔರಾದ ಕಡೆ ಈಗ ಬಹಳ. ಅವರನ್ನು ಬೈದು ಫಲವಿಲ್ಲ, ಪಠ್ಯಪುಸ್ತಕದಲ್ಲಿ ಅವರಿಗೆ ಆ ಹೆಸರು ಸಿಕ್ಕಿಲ್ಲ. ಗಡಿಯಾಚೆ ತೆಲಂಗಾಣದಲ್ಲಿ ಲಕ್ಷಾಂತರ ಜನರ ಬಾಯಲ್ಲಿದ್ದ ಒಬ್ಬ ಹಾಡುಗಾರನ ಬಗ್ಗೆ ಏನೂ ಗೊತ್ತಿಲ್ಲದವರಿಗೆ ಮೊದಲಿನಿಂದ ಹೇಳುವ ಪ್ರಯತ್ನ ಇದು. ತೆಲುಗು ಪೂರಾ ಬರದಿದ್ದರೂ ಅಡ್ಡಿಯಿಲ್ಲ.

ಗದ್ದರ್ ಏನೂ ನಮಗೆ ದೂರದವರಲ್ಲ. ಹುಟ್ಟಿದ ಊರು ತೂಪ್ರಾನ್, ಹಳೆಯ ಮೇದಕ್ ಜಿಲ್ಲೆಯದು. 1956ರವರೆಗೆ ಬೀದರ್, ಮೇದಕ್ ಎರಡೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆ ಆದಾಗ ನಮ್ಮ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದ್ ತಾಲ್ಲೂಕುಗಳು ಮೇದಕ್‌ಗೆ ಹೋದವು, ಉದಗೀರ, ನಿಲಂಗಾ ಮರಾಠಿ ಸೀಮೆಗೆ ಹೋದವು, ಬೀದರ್, ಭಾಲ್ಕಿ, ಹುಮನಾಬಾದ್, ಔರಾದ ಮೈಸೂರು ರಾಜ್ಯಕ್ಕೆ ಬಂದವು. ನಕ್ಷೆ ಬದಲಾಯಿತು, ಬೀಗತನ ಬದಲಾಗಲಿಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಗುಮ್ಮಡಿ ವಿಠ್ಠಲ್ ರಾವ್. ಕೂಲಿ ಮಾಡಿ ಬದುಕುತ್ತಿದ್ದ ದಲಿತ ಕುಟುಂಬ. ಎಂಜಿನಿಯರಿಂಗ್ ಸೇರಿದರು, ನಡುವೆಯೇ ಬಿಟ್ಟರು. 1970ರ ದಶಕದಲ್ಲಿ ಕೆನರಾ ಬ್ಯಾಂಕಿನಲ್ಲಿ ಗುಮಾಸ್ತರಾದರು. ಹೌದು, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಅದೇ ಬ್ಯಾಂಕು. ಒಬ್ಬ ದಲಿತ ಯುವಕನಿಗೆ ಆ ಕಾಲದಲ್ಲಿ ಬ್ಯಾಂಕಿನ ಕುರ್ಚಿ ಎಂದರೆ ಇಡೀ ಮನೆತನವೇ ದಡ ಸೇರಿದಂತೆ. 1980ರ ದಶಕದಲ್ಲಿ ಅದನ್ನೂ ಬಿಟ್ಟು ಹಾಡಿನ ಹಿಂದೆ ಹೊರಟರು. ಗದ್ದರ್ ಎಂಬ ಹೆಸರನ್ನು ತಂದುಕೊಂಡದ್ದು ಅಮೆರಿಕದಲ್ಲಿ 1913ರಲ್ಲಿ ಕಟ್ಟಿದ, ಬ್ರಿಟಿಷರ ವಿರುದ್ಧ ದಂಗೆಗೆ ಕರೆಕೊಟ್ಟ ಗದರ್ ಪಕ್ಷದಿಂದ.

ಹಾಡಿನ ದಾರಿ ತೋರಿಸಿದವರಲ್ಲಿ ಮುಖ್ಯರು ಬಿ. ನರಸಿಂಗರಾವ್. ಕಲಾವಿದರು, ಮುಂದೆ ಸಿನಿಮಾ ಮಾಡಿದವರು. ಗದ್ದರ್ ಹಾಡಿದ ತಂಡ ಜನನಾಟ್ಯ ಮಂಡಳಿ 1972ರಲ್ಲಿ ಹುಟ್ಟಿತು. ಅದು ನಕ್ಸಲ್ ಚಳವಳಿಯ, ಮುಂದೆ ಪೀಪಲ್ಸ್ ವಾರ್ ಪಕ್ಷದ, ಸಾಂಸ್ಕೃತಿಕ ಕೈ. ಇದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಹೊಗಳುವುದು ನನಗೆ ಬೇಕಿಲ್ಲ.

ರಾಜಕೀಯಕ್ಕೆ ಆಮೇಲೆ ಬರೋಣ, ಮೊದಲು ಕಿವಿ ತೆರೆಯೋಣ. 'ಮಾ ಭೂಮಿ' ಎಂಬ ತೆಲುಗು ಸಿನಿಮಾ ಇದೆ. ಗೌತಮ್ ಘೋಷ್ ನಿರ್ದೇಶನ, ನರಸಿಂಗರಾವ್ ನಿರ್ಮಾಣ, ಕೃಷ್ಣ ಚಂದರ್ ಅವರ ಉರ್ದು ಕಾದಂಬರಿ ಅದಕ್ಕೆ ಮೂಲ. ನಿಜಾಮನ ಕಾಲದ ದೇಶಮುಖ ಜಮೀನ್ದಾರರ ದೌರ್ಜನ್ಯ, ಅದರ ವಿರುದ್ಧ 1946ರಿಂದ 1951ರವರೆಗೆ ನಡೆದ ತೆಲಂಗಾಣ ರೈತರ ಸಶಸ್ತ್ರ ಹೋರಾಟ ಅದರ ವಸ್ತು. ನಿಜಾಮನ ಪರ ಶಸ್ತ್ರ ಹಿಡಿದ ರಜಾಕಾರರ ಹಾವಳಿ, ನಮ್ಮ ಜಿಲ್ಲೆಯ ಗೋರ್ಟಾದಲ್ಲಿ ಅವರು ನಡೆಸಿದ ಹತ್ಯಾಕಾಂಡದ ಮಾತು ಅಜ್ಜಂದಿರ ಬಾಯಲ್ಲಿ ಕೇಳಿದ ನಮಗೆ ಆ ಕಥೆ ವಿವರಿಸಬೇಕಾಗಿಲ್ಲ. ಅದರಲ್ಲಿ ಗದ್ದರ್ ತೆರೆಯ ಮೇಲೆ ಬಂದು ಬಂಡಿ ಯಾದಗಿರಿ ಕಟ್ಟಿದ ಹಾಡೊಂದನ್ನು ಹಾಡುತ್ತಾರೆ. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು. ಸ್ಟುಡಿಯೋದಲ್ಲಿ ತಿದ್ದಿ ತೀಡಿದ ಕಂಠ ಅಲ್ಲ ಅದು. ಸ್ವಲ್ಪ ಒರಟು, ಬಯಲಿನಲ್ಲಿ ಕೂಗಿ ಕರೆದು ಅಭ್ಯಾಸ ಇರುವ ಗಂಟಲು.

ಅವರ ವೇದಿಕೆಯ ವೇಷವೂ ಹೆಚ್ಚು ಕಡಿಮೆ ಇದೇ. ಬರಿಮೈ, ಮೊಣಕಾಲ ಮೇಲೆ ಕಟ್ಟಿದ ಧೋತರ, ಹೆಗಲ ಮೇಲೆ ಕರಿಕಂಬಳಿ, ಕಾಲಿಗೆ ಗೆಜ್ಜೆ, ಕೋಲಿನ ತುದಿಗೆ ಕೆಂಪು ಬಟ್ಟೆ. ಪಕ್ಕದಲ್ಲಿ ಹಲಗೆ, ಡೋಲಕ್. ಆಚೆಯವರು ಆ ಹಲಗೆಗೆ ಡಪ್ಪು ಅನ್ನುತ್ತಾರೆ. ಯಾರ ಮನೆಯ ಮಗ್ಗುಲಲ್ಲಿ ಆ ಹಲಗೆ ತೂಗುತ್ತಿತ್ತು, ಯಾವ ಕೇರಿಯವರು ಅದನ್ನು ಬಾರಿಸಬೇಕೆಂದು ಊರು ಕಟ್ಟಳೆ ಮಾಡಿತ್ತು ಎಂಬುದು ನಿಮಗೇ ಗೊತ್ತು. ಸಾವಿಗೆ, ಜಾತ್ರೆಗೆ ದಲಿತರು ಬಿಟ್ಟಿ ಬಾರಿಸಬೇಕಿದ್ದ ವಾದ್ಯವನ್ನು ಅವರು ವೇದಿಕೆಯ ನಟ್ಟನಡುವೆ ತಂದು ನಿಲ್ಲಿಸಿದರು. ನನ್ನ ಲೆಕ್ಕದಲ್ಲಿ ಅವರು ಬರೆದ ಎಷ್ಟೋ ಸಾಲುಗಳಿಗಿಂತ ಈ ಕೆಲಸ ದೊಡ್ಡದು.

ಇನ್ನು ಹಾಡಿನ ಕಟ್ಟು ನೋಡಿ. ಧಾಟಿ ಅವರು ಹೊಸದಾಗಿ ಹುಟ್ಟಿಸಿದ್ದಲ್ಲ. ಒಗ್ಗು ಕಥೆ, ಬುರ್ರ ಕಥೆ, ಬೀದಿ ಭಾಗವತದಂಥ ತೆಲುಗು ಜನಪದ ಆಟಗಳಲ್ಲಿ ಜನ ಆಗಲೇ ಕೇಳಿದ್ದು, ನಾಟಿ ಮಾಡುವಾಗ ಹೆಂಗಸರು ಹಾಡಿಕೊಂಡದ್ದು. ನಮ್ಮಲ್ಲಿ ಮೊಹರಂ ಪದಕ್ಕೋ ಭಜನೆಗೋ ಇರುವ ಹಾಗೆ ಅಲ್ಲಿಯೂ ಹಿಮ್ಮೇಳ ಇದೆ. ಗದ್ದರ್ ಒಂದು ಸೊಲ್ಲು ಎತ್ತಿಕೊಡುತ್ತಾರೆ, ಹಿಂದಿನವರು ಹಿಡಿಯುತ್ತಾರೆ, ಎರಡನೇ ಸಲಕ್ಕೆ ನೆರೆದ ಜನವೇ ಹಿಡಿಯುತ್ತದೆ. ನಡುವೆ ಥಟ್ಟನೆ ಹಾಡು ನಿಲ್ಲಿಸಿ ಮಾತಿಗಿಳಿಯುತ್ತಾರೆ. ಗೌಡನನ್ನು ಅಣಕಿಸುತ್ತಾರೆ, ಜನ ನಗುತ್ತಾರೆ, ನಗು ಮುಗಿಯುವ ಮೊದಲೇ ಗೆಜ್ಜೆ ಮತ್ತೆ ಶುರು. ಸಭೆಯಿಂದ ಮನೆಗೆ ಹೋಗುವವರು ಭಾಷಣ ಮರೆಯುತ್ತಾರೆ, ಹಾಡು ಮಾತ್ರ ಬುತ್ತಿಯ ಹಾಗೆ ಜೊತೆಗೆ ಹೋಗುತ್ತದೆ. ಓದು ಬರಹ ಇಲ್ಲದವರ ನಡುವೆ ಕರಪತ್ರ ಮಾಡಲಾಗದ ಕೆಲಸವನ್ನು ಇದು ಮಾಡಿತು. ಕರಪತ್ರವನ್ನು ಪೊಲೀಸರು ಮುಟ್ಟುಗೋಲು ಹಾಕಬಹುದು, ಹಾಡಿಗೆ ಏನು ಮಾಡುತ್ತಾರೆ? ಹಾಡುವವನನ್ನೇ ಹುಡುಕುತ್ತಾರೆ.

ಹಾಗೆಯೇ ಆಯಿತು. 1985ರ ಜುಲೈನಲ್ಲಿ ಆಂಧ್ರದ ಆಗಿನ ಪ್ರಕಾಶಂ ಜಿಲ್ಲೆಯ ಕಾರಂಚೇಡುವಿನಲ್ಲಿ ದಲಿತರ ಹತ್ಯೆ ನಡೆಯಿತು. ಗದ್ದರ್ ಅದರ ವಿರುದ್ಧ ಎದ್ದು ನಿಂತರು. ಅವರ ಮನೆಯ ಮೇಲೆ ಪೊಲೀಸ್ ದಾಳಿ ಆಯಿತು, ಅವರು ಭೂಗತರಾದರು. ಕಾಡು ಮೇಡು ಅಲೆಯುತ್ತಲೇ ಹಾಡು ಕಟ್ಟಿದರು. 1990ರಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿ ಚೆನ್ನಾರೆಡ್ಡಿಯವರ ಸರ್ಕಾರ ಬಿಗಿ ಸಡಿಲಿಸಿದಾಗ ಹೊರಗೆ ಬಂದರು. ಆ ಫೆಬ್ರುವರಿಯಲ್ಲಿ ಹೈದರಾಬಾದಿನ ನಿಜಾಂ ಕಾಲೇಜು ಮೈದಾನದಲ್ಲಿ ಅವರನ್ನು ನೋಡಲು ಲಕ್ಷಕ್ಕೂ ಮೀರಿ ಜನ ಸೇರಿದ್ದರು. ಸುಮಾರು ಐದು ವರ್ಷ ಕಣ್ಣಿಗೆ ಬೀಳದ ಹಾಡುಗಾರನಿಗೆ ಅಷ್ಟು ಜನ ಸೇರಿದ್ದು ಸರ್ಕಾರಕ್ಕೆ ನೆಮ್ಮದಿ ತರುವ ವಿಷಯ ಆಗಿರಲಿಲ್ಲ.

1997ರ ಏಪ್ರಿಲ್ 6. ಸಿಕಂದರಾಬಾದಿನ ಅಲ್ವಾಲ್ ಹತ್ತಿರದ ವೆಂಕಟಾಪುರಂ ಮನೆಗೆ ಬಂದವರು ಗುಂಡು ಹಾರಿಸಿದರು. ಗದ್ದರ್ ಉಳಿದರು. ಒಂದು ಗುಂಡನ್ನು ಮಾತ್ರ ವೈದ್ಯರು ಬೆನ್ನುಮೂಳೆಯ ಬಳಿಯಲ್ಲೇ ಬಿಡಬೇಕಾಯಿತು, ತೆಗೆಯಲು ಹೋದರೆ ಜೀವಕ್ಕೆ ಅಪಾಯ. ಇದು ಪೊಲೀಸರದೇ ಕೆಲಸ ಎಂದು ಗದ್ದರ್ ಹೇಳುತ್ತಲೇ ಬಂದರು, ಪೊಲೀಸರು ಒಪ್ಪಲಿಲ್ಲ. ಮುಂದೆ ಇಪ್ಪತ್ತಾರು ವರ್ಷ ಅವರು ಆ ಗುಂಡನ್ನು ಮೈಯಲ್ಲಿಟ್ಟುಕೊಂಡೇ ಕುಣಿದರು.

ಹಾಡುಗಾರನಿಗೆ ಸರ್ಕಾರ ಇಷ್ಟು ಹೆದರುತ್ತದೆಯೇ ಎಂದು ಕೇಳುವವರಿಗೆ ಅಮೆರಿಕದ ಪಾಲ್ ರೋಬ್ಸನ್ ಕಥೆ ಹೇಳಬೇಕು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನ ಮಗ. 1898ರಲ್ಲಿ ಹುಟ್ಟಿದ ಕಪ್ಪು ಜನಾಂಗದ ಈ ಗಾಯಕ ಕಾನೂನು ಓದಿದವರು, ಫುಟ್‌ಬಾಲ್ ಆಟಗಾರ, ಒಥೆಲೊ ಪಾತ್ರಕ್ಕೆ ಹೆಸರಾದ ನಟ. ಸೋವಿಯತ್ ಒಕ್ಕೂಟವನ್ನು ಮೆಚ್ಚಿದರು, ತಮ್ಮ ಜನರ ಹಕ್ಕಿಗಾಗಿ ದನಿ ಎತ್ತಿದರು. 1950ರಲ್ಲಿ ಸರ್ಕಾರ ಅವರ ಪಾಸ್‌ಪೋರ್ಟ್ ರದ್ದು ಮಾಡಿತು, ಸಭಾಂಗಣಗಳು ಬಾಗಿಲು ಹಾಕಿದವು. ಆಗ ಅವರು ಏನು ಮಾಡಿದರು ಗೊತ್ತೇ? 1952ರ ಮೇ 18ರಂದು ಕೆನಡಾ ಗಡಿಗೆ ಹೋಗಿ ಲಾರಿಯ ಮೇಲೆ ನಿಂತು ಹಾಡಿದರು. ಗೆರೆ ದಾಟಲಿಲ್ಲ. ಆಚೆ ಈಚೆ ಎರಡೂ ಕಡೆ ಸಾವಿರಾರು ಜನ ನಿಂತು ಕೇಳಿದರು. 1957ರಲ್ಲಿ ನ್ಯೂಯಾರ್ಕಿನಲ್ಲಿ ಕೂತು, ಸಮುದ್ರದಡಿಯ ಟೆಲಿಫೋನ್ ತಂತಿಯಲ್ಲಿ ಲಂಡನ್ ಸಭೆಗೆ ಹಾಡಿದರು. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 1958ರಲ್ಲಿ ಪಾಸ್‌ಪೋರ್ಟ್ ಮರಳಿತು. ಆ ವರ್ಷ ಅವರ ಅರವತ್ತನೇ ಹುಟ್ಟುಹಬ್ಬವನ್ನು ಭಾರತದಲ್ಲೂ ಆಚರಿಸಿದರು, ನೆಹರೂ ಅದಕ್ಕೆ ಬೆಂಬಲವಾಗಿ ನಿಂತರು. ಅಸ್ಸಾಮಿನ ಭೂಪೇನ್ ಹಜಾರಿಕಾ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ರೋಬ್ಸನ್ ಪ್ರಭಾವಕ್ಕೆ ಸಿಕ್ಕವರು. ಅವರ ಗಂಗೆಯ ಹಾಡಿನ ಹಿಂದೆ ರೋಬ್ಸನ್ ಹಾಡಿದ ಮಿಸಿಸಿಪ್ಪಿ ನದಿಯ ಹಾಡಿದೆ.

ಈಗ ಮತ್ತೆ ಗದ್ದರ್ ಬಳಿಗೆ, ಕಷ್ಟದ ಪ್ರಶ್ನೆಗೆ. 'ಸರ್, ಅಂವಾ ಬಂದೂಕಿನೋರ ಜೊತಿಗಿದ್ದಾಂವ. ಅವನ್ಯಾಕ ಹೊಗಳಬೇಕ?' ನಾನು ಪಾಠ ಹೇಳುವ ತರಗತಿಯಲ್ಲಿ ಈ ಮಾತು ಬಂದೇ ಬರುತ್ತದೆ, ಬರಬೇಕು ಕೂಡ. ಪೀಪಲ್ಸ್ ವಾರ್ ಗುಂಡಿಗೆ ಪೊಲೀಸರು ಸತ್ತಿದ್ದಾರೆ, ರಾಜಕಾರಣಿಗಳು ಸತ್ತಿದ್ದಾರೆ, ಮಾಹಿತಿದಾರ ಎಂಬ ಗುಮಾನಿಗೆ ಬಡ ಹಳ್ಳಿಗರೂ ಸತ್ತಿದ್ದಾರೆ. ಆ ಮನೆಗಳ ಸಂಕಟಕ್ಕೂ ಹಾಡು ಬೇಕಿತ್ತು, ಗದ್ದರ್ ಅದನ್ನು ಸಾಕಷ್ಟು ಹಾಡಲಿಲ್ಲ ಎಂಬುದು ನನ್ನ ದೂರು. ಹಾಗೆಂದು ನಿರಾಯುಧ ಹಾಡುಗಾರನ ಮನೆ ಬಾಗಿಲಿಗೆ ಬಂದು ಗುಂಡು ಹಾಕಿದ್ದಕ್ಕೆ ಇದರಿಂದ ಸಮರ್ಥನೆ ಸಿಗುವುದಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಬಂದರೆ ಮಾತ್ರ ಗದ್ದರ್ ಅರ್ಥವಾಗುತ್ತಾರೆ. 2004ರಲ್ಲಿ ಆಂಧ್ರಪ್ರದೇಶ ಸರ್ಕಾರ ಮತ್ತು ನಕ್ಸಲರ ನಡುವೆ ಮಾತುಕತೆ ನಡೆದಾಗ ನಕ್ಸಲರ ದೂತರಾಗಿ ನಿಂತವರಲ್ಲಿ ಕವಿ ವರವರರಾವ್ ಜೊತೆ ಇವರೂ ಇದ್ದರು. ಕೊನೆಗೆ ಮಾವೋವಾದಿಗಳಿಂದ ದೂರ ಸರಿದು 2018ರಲ್ಲಿ ಬದುಕಿನ ಮೊದಲ ಮತ ಹಾಕಿದರು.

ತೆಲಂಗಾಣ ಪ್ರತ್ಯೇಕ ರಾಜ್ಯದ ಹೋರಾಟಕ್ಕೂ ಅವರ ಹಾಡೇ ಬೇಕಾಯಿತು. 2023ರ ಆಗಸ್ಟ್ 6ರಂದು ಹೈದರಾಬಾದಿನಲ್ಲಿ ತೀರಿಕೊಂಡಾಗ ಅವರನ್ನು ಹುಡುಕಿದ ಅದೇ ಪೊಲೀಸ್ ಇಲಾಖೆ ಸರ್ಕಾರಿ ಗೌರವ ಸಲ್ಲಿಸಿತು. ತಾವೇ ಅಲ್ವಾಲ್‌ನಲ್ಲಿ ಕಟ್ಟಿದ ಶಾಲೆಯ ಆವರಣದಲ್ಲಿ ಮಣ್ಣಾದರು. ಈಗ ತೆಲಂಗಾಣದ ಸಿನಿಮಾ ಪ್ರಶಸ್ತಿಗೆ ಅವರ ಹೆಸರು. ಆಂಧ್ರ ಸರ್ಕಾರ ಸಿನಿಮಾಕ್ಕೆ ಕೊಡುತ್ತಿದ್ದ ನಂದಿ ಪ್ರಶಸ್ತಿ ಬಂದಾಗ ಒಮ್ಮೆ ಬೇಡ ಅಂದಿದ್ದವರು ಅವರು! 2025ರಲ್ಲಿ ಪದ್ಮ ಪ್ರಶಸ್ತಿಗೆ ಅವರ ಹೆಸರು ಶಿಫಾರಸಾದದ್ದು ಗೊತ್ತಾದಾಗ, ಕೊಡುವುದಿಲ್ಲ ಎಂದು ಕೇಂದ್ರ ಸಚಿವರೊಬ್ಬರು ಬಹಿರಂಗವಾಗಿ ಹೇಳಿದರು. ಸತ್ತ ಮೇಲೂ ಜಗಳ ಮುಗಿದಿಲ್ಲ.

ಎಲ್ಲಿಂದ ಕೇಳಲು ಶುರು ಮಾಡಬೇಕು? ಮೊದಲು 'ಮಾ ಭೂಮಿ'ಯ ಆ ಹಾಡು ನೋಡಿ, ಒಂದು ಸಲ ಅರ್ಥದ ಗೊಡವೆ ಇಲ್ಲದೆ ಕಾಲಿನ ಹೆಜ್ಜೆಯನ್ನಷ್ಟೇ ಗಮನಿಸಿ. ಆಮೇಲೆ ತೆಲಂಗಾಣ ಹೋರಾಟದ ಕಾಲದ ಹಾಡುಗಳಿಗೆ ಬನ್ನಿ, ಅಲ್ಲಿ ಧ್ವನಿಗೆ ವಯಸ್ಸಾಗಿದೆ, ಕಸುವು ಹಾಗೇ ಇದೆ. ಮೂರನೆಯದಾಗಿ ಯಾವುದಾದರೂ ಬಯಲು ಸಭೆಯ ಪೂರಾ ರೆಕಾರ್ಡಿಂಗ್ ಹುಡುಕಿ. ಅದರಲ್ಲಿ ಹಾಡು ನಿಲ್ಲಿಸಿ ಮಾತಾಡುವ ಭಾಗವನ್ನು ಮುಂದಕ್ಕೆ ಓಡಿಸಬೇಡಿ. ತೆಲುಗು ತೊಡಕಾದರೆ ಹೈದರಾಬಾದಿನ ಕಟ್ಟಡಗಳಲ್ಲಿ ದುಡಿದು ಬಂದವರು ನಮ್ಮ ಓಣಿ ಓಣಿಯಲ್ಲಿ ಇದ್ದಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ನಿಘಂಟಿಗಿಂತ ಚೆನ್ನಾಗಿ ಬಿಡಿಸಿ ಹೇಳುತ್ತಾರೆ.