ಗದ್ದೆಯಲ್ಲಿ ಹುಲ್ಲು ಸುಡುವುದರ ಹಾನಿಯೂ ಗ್ರಾಮಸ್ಥರ ಕರ್ತವ್ಯವೂ

ಕೊಯಿಲಾದ ಮೇಲೆ ಗದ್ದೆಯಲ್ಲುಳಿದ ಹುಲ್ಲಿಗೂ ಕೂಳೆಗೂ ಬೆಂಕಿಯಿಡುವ ಪದ್ಧತಿಯು ಈಚೆಗೆ ದೇಶದ ಅನೇಕ ನೀರಾವರಿ ಸೀಮೆಗಳಲ್ಲಿ ಹರಡಿರುವುದು. ಒಬ್ಬನು ಹೊತ್ತಿಸಿದ ಬೆಂಕಿಯ ಹೊಗೆಯು ಅವನ ಬದುವಿನೊಳಗೇ ನಿಲ್ಲುವುದಿಲ್ಲ. ಆದುದರಿಂದ ಇದು ಒಬ್ಬೊಬ್ಬ ರೈತನ ವಿಷಯವಲ್ಲ. ಇಡೀ ಗ್ರಾಮದ ವಿಷಯವೆಂದು ತಿಳಿಯತಕ್ಕದ್ದು. ಪಂಜಾಬ್ ಮತ್ತು ಹರಿಯಾಣ ರಾಜ್ಯಗಳಲ್ಲಿ ಈ ಹೊಗೆಯನ್ನು ನಿಲ್ಲಿಸಲು ನಡೆದಿರುವ ಪ್ರಯತ್ನವನ್ನು ಅರಿತರೆ ಕರ್ನಾಟಕದ ಜಮೀನುದಾರರಿಗೂ ಪ್ರಯೋಜನವುಂಟು.

1. ಪದ್ಧತಿಯು ಹುಟ್ಟಿದ ಬಗೆ

ಆ ಸೀಮೆಯಲ್ಲಿ ಮುಂಗಾರಿನಲ್ಲಿ ಬತ್ತವನ್ನೂ ಚಳಿಗಾಲದಲ್ಲಿ ಗೋಧಿಯನ್ನೂ ಒಂದೇ ಜಮೀನಿನಲ್ಲಿ ಬೆಳೆಯುವರು. ಅಂತರ್ಜಲವು ಬತ್ತುತ್ತ ಬಂದುದರಿಂದ ಪಂಜಾಬ್ ಸರ್ಕಾರವು 2009ರಲ್ಲಿ ಕಾನೂನು ಮಾಡಿ, ಜೂನ್ 10ಕ್ಕೆ ಮೊದಲು ಬತ್ತದ ನಾಟಿ ಮಾಡಕೂಡದೆಂದು ವಿಧಿಸಿತು. ನೀರಿನ ಮಟ್ಟಿಗೆ ಈ ಏರ್ಪಾಡು ಒಳ್ಳೆಯದೇ. ಆದರೆ ನಾಟಿ ತಡವಾದಂತೆ ಕೊಯಿಲೂ ತಡವಾಗಿ, ಗೋಧಿಯ ಬಿತ್ತನೆಗೆ ಎರಡು ಮೂರು ವಾರಗಳ ಅವಧಿ ಮಾತ್ರ ಉಳಿಯಿತು.

ಇದರೊಡನೆ ಕೂಲಿಯಾಳುಗಳ ಅಭಾವದಿಂದ ಕೊಯಿಲು ಯಂತ್ರಗಳು ಬಂದವು. ಯಂತ್ರವು ತೆನೆಯನ್ನು ಕತ್ತರಿಸಿ ಕಾಳನ್ನು ತೆಗೆದುಕೊಂಡು, ಎತ್ತರವಾದ ಕೂಳೆಯನ್ನೂ ಚೆಲ್ಲಾಪಿಲ್ಲಿಯಾದ ಹುಲ್ಲನ್ನೂ ಗದ್ದೆಯಲ್ಲಿಯೇ ಬಿಡುವುದು. ಆ ಸೀಮೆಯ ದನಗಳಿಗೆ ಗೋಧಿಯ ಹೊಟ್ಟೇ ಮುಖ್ಯವಾದ ಒಣಮೇವು. ಒರಟು ಬತ್ತದ ಹುಲ್ಲಿಗೆ ಅಲ್ಲಿ ಬೆಲೆಯಿಲ್ಲ. ಹೀಗೆ ಕಾಲವೂ ಆಳೂ ಸಾಲದ ರೈತನಿಗೆ ಒಂದು ಬೆಂಕಿಕಡ್ಡಿಯೇ ಅಗ್ಗದ ಉಪಾಯವಾಗಿ ತೋರಿತು. ಅಜ್ಞಾನದಿಂದಲೇ ಅವನು ಸುಡುತ್ತಾನೆಂದು ಭಾವಿಸುವುದು ಸರಿಯಲ್ಲ.

2. ಹಾನಿಯ ಲೆಕ್ಕ

ಒಂದು ಟನ್ನು ಬತ್ತದ ಹುಲ್ಲಿನಲ್ಲಿ ಸುಮಾರು 5½ ಕಿಲೋಗ್ರಾಂ ಸಾರಜನಕ, 2 ಕಿಲೋಗ್ರಾಮಿಗೆ ಮೇಲ್ಪಟ್ಟು ರಂಜಕಾಂಶ ಮತ್ತು 25 ಕಿಲೋಗ್ರಾಂ ಪೊಟ್ಯಾಷ್ ಇರುವುವು. ಸುಟ್ಟರೆ ಸಾರಜನಕವು ಬಹುಮಟ್ಟಿಗೆ ಪೂರ್ತಿಯಾಗಿ ಗಾಳಿಗೆ ಹೋಗುವುದು; ರಂಜಕದಲ್ಲಿ ಕಾಲುಭಾಗವೂ ಪೊಟ್ಯಾಷಿನಲ್ಲಿ ಐದನೆಯ ಒಂದು ಭಾಗವೂ ನಷ್ಟವಾಗುವುವು. ಎಕರೆಗೆ 2½ ಟನ್ನು ಹುಲ್ಲೆಂದು ಲೆಕ್ಕವಿಟ್ಟರೆ, ಹೋದ ಸಾರಜನಕವೊಂದೇ ಸುಮಾರು 30 ಕಿಲೋಗ್ರಾಂ ಯೂರಿಯಕ್ಕೆ ಸಮ. ಅಂದರೆ 45 ಕಿಲೋಗ್ರಾಮಿನ ಚೀಲದಲ್ಲಿ ಮೂರರಲ್ಲೆರಡು ಪಾಲನ್ನು ಪ್ರತಿ ಎಕರೆಗೂ ಬೆಂಕಿಗೆ ಹಾಕಿದಂತಾಯಿತು. ಮೇಲುಮಣ್ಣಿನ ಉಪಕಾರಿ ಸೂಕ್ಷ್ಮಜೀವಿಗಳೂ ಆ ಕಾವಿಗೆ ಸಾಯುವುವು.

ಹೊಗೆಯಲ್ಲಿರುವ ಅತಿ ಸೂಕ್ಷ್ಮವಾದ ಕಣಗಳು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡೂವರೆ ಪಾಲಿಗಿಂತಲೂ ಸಣ್ಣವು. ಇವು ಮೂಗಿನಲ್ಲಿ ತಡೆಯಲ್ಪಡದೆ ಶ್ವಾಸಕೋಶದ ಆಳಕ್ಕೆ ಇಳಿಯುವುವು. ಅಕ್ಟೋಬರ್ ಕಡೆಯಿಂದ ನವೆಂಬರ್‌ವರೆಗೆ ಉತ್ತರದ ಬಯಲಿನಲ್ಲಿ ಗಾಳಿ ಮಂದವಾಗಿ, ನೆಲದ ಬಳಿಯ ತಣ್ಣನೆಯ ಗಾಳಿಯು ಮೇಲೇರದೆ ನಿಲ್ಲುವುದರಿಂದ ಹೊಗೆಯೂ ಅಲ್ಲಿಯೇ ಕವಿದುಕೊಳ್ಳುವುದು. ದೆಹಲಿಯ ಗಾಳಿಯು ಕೆಡಲು ವಾಹನ, ಧೂಳು, ಕಾರ್ಖಾನೆಗಳೂ ವರ್ಷವೆಲ್ಲ ಕಾರಣವಾಗಿವೆ. ಆದರೂ ಕೊಯಿಲಿನ ಕಾಲದ ಕೆಲವು ದಿನಗಳಲ್ಲಿ ಅಲ್ಲಿನ ಸೂಕ್ಷ್ಮ ಕಣಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಕ್ಕು ಹೊಲದ ಹೊಗೆಯಿಂದಲೇ ಬಂದುದುಂಟು. ನಗರದವರಿಗಿಂತ ಮೊದಲು ಈ ಹೊಗೆಯನ್ನು ಕುಡಿಯುವವರು ಬೆಂಕಿಯಿಟ್ಟವನ ಹೆಂಡತಿ ಮಕ್ಕಳೂ ನೆರೆಹೊರೆಯವರೂ ಎಂಬುದನ್ನು ಮರೆಯಲಾಗದು.

3. ದಂಡವೂ ಸಹಾಯವೂ

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ಸುಡುವುದನ್ನು ನಿಷೇಧಿಸಿ ದಂಡವನ್ನು ಗೊತ್ತುಮಾಡಿತು. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಅದನ್ನು ಇಮ್ಮಡಿಸಿ, 2 ಎಕರೆಗೆ ಒಳಪಟ್ಟವರಿಗೆ 5,000 ರೂಪಾಯಿ, 2ರಿಂದ 5 ಎಕರೆಯವರಿಗೆ 10,000 ರೂಪಾಯಿ, ಅದಕ್ಕೆ ಮೇಲ್ಪಟ್ಟವರಿಗೆ 30,000 ರೂಪಾಯಿ ಎಂದು ನಿಗದಿಮಾಡಿತು. ಆದರೆ ದಂಡವು ಗದ್ದೆಯ ಹುಲ್ಲನ್ನು ತೆಗೆಯುವುದಿಲ್ಲ. ಯಂತ್ರವಿಲ್ಲದ ಸಣ್ಣ ರೈತನಿಗೆ ದಂಡ ಮಾತ್ರ ಮುಟ್ಟಿ ಉಪಾಯವು ಮುಟ್ಟದಿದ್ದರೆ ಅವನು ರಾತ್ರಿಯಲ್ಲಿ ಸುಡುವನು.

ಉಪಾಯಗಳಲ್ಲಿ ಮುಖ್ಯವಾದುದು ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯವು ಆಸ್ಟ್ರೇಲಿಯದ ನೆರವಿನಿಂದ ರೂಪಿಸಿದ ‘ಹ್ಯಾಪಿ ಸೀಡರ್’ ಎಂಬ ಬಿತ್ತನೆ ಯಂತ್ರ. ಇದು ಹುಲ್ಲನ್ನು ಕತ್ತರಿಸಿ ಎತ್ತಿ, ತೆರವಾದ ನೆಲದಲ್ಲಿ ಗೋಧಿಯನ್ನು ಬಿತ್ತಿ, ಆ ಹುಲ್ಲನ್ನೇ ಸಾಲುಗಳ ಮೇಲೆ ಹೊದಿಸುವುದು. ಹೊದಿಕೆಯಿಂದ ತೇವವು ಉಳಿದು ಕಳೆಯು ಕಡಿಮೆಯಾಗುವುದು. ಹುಲ್ಲನ್ನು ಪೆಂಡಿ ಕಟ್ಟಿ ಉರುವಲಿಗಾಗಿ ಮಾರುವುದು ಮತ್ತೊಂದು ಮಾರ್ಗ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಯಂತ್ರಗಳಿಗೆ ಒಬ್ಬ ರೈತನಿಗಾದರೆ ನೂರಕ್ಕೆ 50, ಸಹಕಾರ ಸಂಘ ಮುಂತಾದ ಸಮೂಹಗಳಿಗಾದರೆ ನೂರಕ್ಕೆ 80 ಸಹಾಯಧನವನ್ನು ಏರ್ಪಡಿಸಿತು. ಸಮೂಹಕ್ಕೆ ಹೆಚ್ಚು ಕೊಟ್ಟುದರಲ್ಲಿ ಅರ್ಥವಿದೆ. ಈ ಯಂತ್ರಕ್ಕೆ ವರ್ಷದಲ್ಲಿ ಮೂರು ವಾರ ಮಾತ್ರ ಕೆಲಸ. ಒಬ್ಬನೇ ಕೊಂಡರೆ ಉಳಿದ ಕಾಲವೆಲ್ಲ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುವುದು.

ಹರಿಯಾಣದಲ್ಲಿ ಹಿಂದಿನ ಬೆಂಕಿಗಳ ಎಣಿಕೆಯ ಮೇಲೆ ಹಳ್ಳಿಗಳನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸಿ, ಬೆಂಕಿಯನ್ನು ಪೂರ್ಣವಾಗಿ ನಿಲ್ಲಿಸಿದ ಕೆಂಪು ವರ್ಗದ ಪಂಚಾಯಿತಿಗೆ ಒಂದು ಲಕ್ಷ ರೂಪಾಯಿ ಬಹುಮಾನವನ್ನು ಏರ್ಪಡಿಸಿದರು. ಇದರಿಂದ ಒಬ್ಬನ ಬೆಂಕಿಯು ಊರಿನ ನಷ್ಟವಾಯಿತು. ಪಂಜಾಬಿನಲ್ಲಿ ಉಪಗ್ರಹದಿಂದ ಎಣಿಸಿದ ಬೆಂಕಿಗಳು 2020ರಲ್ಲಿ ಸುಮಾರು 83,000 ಇದ್ದು, 2024ರಲ್ಲಿ 11,000ಕ್ಕಿಂತ ಕೆಳಗಿಳಿದವು. ಆದಾಗ್ಯೂ ಉಪಗ್ರಹವು ಗೊತ್ತಾದ ವೇಳೆಯಲ್ಲಿ ಮಾತ್ರ ಹಾದುಹೋಗುವುದರಿಂದ ಸಂಜೆಯ ಮೇಲಿನ ಬೆಂಕಿಯು ಅದರ ಕಣ್ಣಿಗೆ ತಪ್ಪಬಹುದು. ಊರಿನವರ ಕಣ್ಣಿಗೆ ಮಾತ್ರ ತಪ್ಪದು. ಆದಕಾರಣ ಊರಿನವರೇ ಮನಸ್ಸು ಮಾಡದೆ ಈ ಕಾರ್ಯವು ಕೈಗೂಡಲಾರದು.

4. ಕರ್ನಾಟಕದಲ್ಲಿ ಮಾಡತಕ್ಕದ್ದು

ಕೈಕೊಯಿಲಿನ ಊರುಗಳಲ್ಲಿ ಬತ್ತದ ಹುಲ್ಲು ಬಣವೆಯಾಗಿ ದನಗಳ ಹೊಟ್ಟೆಗೆ ಸೇರುವುದು. ಯಂತ್ರದ ಕೊಯಿಲು ಹೆಚ್ಚಿರುವ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹುಲ್ಲಿಗೂ, ಮಂಡ್ಯ ಬೆಳಗಾವಿಗಳ ಕಬ್ಬಿನ ತೋಟಗಳಲ್ಲಿ ತರಗಿಗೂ ಬೆಂಕಿ ಬೀಳುತ್ತಿರುವುದು. ಬತ್ತದ ಹುಲ್ಲನ್ನು ಪೆಂಡಿ ಕಟ್ಟಿಸಿ ಮೇವಿನ ಕೊರತೆಯುಳ್ಳ ಒಣಸೀಮೆಗೆ ಮಾರುವುದು ಮೇಲು. ಮಣ್ಣಿಗೆ ಸೇರಿಸುವುದಾದರೆ ನಾಟಿಗೆ ಮೂರು ನಾಲ್ಕು ವಾರ ಮೊದಲೇ ಉತ್ತು ಕೊಳೆಸತಕ್ಕದ್ದು. ಕೂಡಲೇ ನಾಟಿ ಮಾಡಿದರೆ ಕೊಳೆಯುವ ಹುಲ್ಲು ಸಾರಜನಕವನ್ನು ಹೀರಿ ಪೈರು ಹಳದಿಯಾಗುವುದು. ಕಬ್ಬಿನ ತರಗನ್ನು ಕೂಳೆಬೆಳೆಯ ಸಾಲುಗಳ ನಡುವೆ ಹೊದಿಸಿದರೆ ನೀರಿನ ಖರ್ಚು ಇಳಿಯುವುದು.

ಗ್ರಾಮದ ಮುಖಂಡರು ಕೊಯಿಲಿಗೆ ಎರಡು ತಿಂಗಳ ಮುಂಚೆಯೇ ಸಭೆ ಸೇರಿಸಿ ಈ ಕೆಳಗಿನ ಏರ್ಪಾಡುಗಳನ್ನು ಮಾಡುವುದು ಉಚಿತ.

(ಅ) ಯಾರ ಗದ್ದೆ ಎಷ್ಟು ಎಕರೆ, ಯಾವ ವಾರ ಕೊಯಿಲು ಎಂಬ ಪಟ್ಟಿಯನ್ನು ಸಿದ್ಧಪಡಿಸುವುದು.

(ಆ) ಯಂತ್ರಗಳ ಲೆಕ್ಕ ಹಾಕುವುದು. ಒಂದು ಯಂತ್ರವು ದಿನಕ್ಕೆ 6 ಎಕರೆ ಮಾಡಿದರೆ 20 ದಿನಗಳಲ್ಲಿ 120 ಎಕರೆಯಾಗುವುದು. 600 ಎಕರೆಯ ಊರಿಗೆ 5 ಯಂತ್ರಗಳು ಬೇಕು. ಸಹಕಾರ ಸಂಘದಿಂದಾಗಲಿ, 2014-15ರಿಂದ ಹೋಬಳಿಗಳಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳಿಂದಾಗಲಿ ಇವನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳುವುದು.

(ಇ) ಬಾಡಿಗೆಯನ್ನು ಸಭೆಯಲ್ಲಿಯೇ ನಿರ್ಣಯಿಸಿ, ಸರದಿಯಲ್ಲಿ ಸಣ್ಣ ಹಿಡುವಳಿದಾರರನ್ನು ಮೊದಲಿಡುವುದು.

(ಈ) ದೊಡ್ಡ ಜಮೀನುದಾರರು ತಮ್ಮ ಗದ್ದೆಯಲ್ಲಿ ಮೊದಲು ಬೆಂಕಿಯನ್ನು ಬಿಟ್ಟು ತೋರಿಸುವುದು.

ಈ ನಾಲ್ಕರಲ್ಲಿ ಕಡೆಯದೇ ಮುಖ್ಯವಾದುದು. ಹತ್ತು ಎಕರೆಯವನ ಗದ್ದೆಯಲ್ಲಿ ಹೊಗೆ ಏಳುತ್ತಿರುವಾಗ ಒಂದು ಎಕರೆಯವನಿಗೆ ಬುದ್ಧಿ ಹೇಳಿದರೆ ಅವನು ಕೇಳುವುದಿಲ್ಲ. ಕೇಳಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.